ಕೈಗವಸು ಯಾವಾಗ ಕಳಚುತ್ತದೆ? ಬಳಸುವವರನ್ನು ನೋಡಿ, ಕೇಳಿ ಒಳ್ಳೆಯ ಸುರಕ್ಷತಾ ಗ್ಲೌಸ್ ರೂಪಿಸುವ ಸಮಗ್ರ ಮಾರ್ಗದರ್ಶಿ

ಕೆಲಸದ ಜಾಗದಲ್ಲಿ ಯಾರಿಗಾದರೂ ಕೈಗೆ ಪೆಟ್ಟಾದರೆ ಮೊದಲು ಕೇಳುವ ಪ್ರಶ್ನೆ ಒಂದೇ. ‘ಗ್ಲೌಸ್ ಹಾಕಿರಲಿಲ್ವಾ?’ ಎಷ್ಟೋ ಸಲ ಬರುವ ಉತ್ತರ ಹೀಗಿರುತ್ತದೆ: ‘ಹಾಕಿದ್ದೆ. ಆಗಷ್ಟೇ ತೆಗೆದೆ.’

ಕೇಳಿದವರು ಮೊದಲ ಮಾತಿಗೇ ನಿಲ್ಲುತ್ತಾರೆ. ಕೈಗವಸು ರೂಪಿಸುವವರಿಗೆ ಬೇಕಾಗಿರುವುದು ಎರಡನೇ ಮಾತು. ಯಾಕೆ ತೆಗೆದರು? ಯಾವ ಕೈಯದ್ದು ತೆಗೆದರು? ತೆಗೆದು ಎಲ್ಲಿಟ್ಟರು? ಮತ್ತೆ ಹಾಕಿಕೊಳ್ಳಲು ಎಷ್ಟು ಹೊತ್ತಾಯಿತು? ಚಾಕುವಿನ ಅಲಗನ್ನು ತಡೆಯುವ ನೂಲು ಈಗ ಸಿಗುತ್ತದೆ, ರಾಸಾಯನಿಕ ಒಳಗೆ ಇಳಿಯದ ಲೇಪನವೂ ಸಿಗುತ್ತದೆ. ಆದರೆ ಜೇಬಿನಲ್ಲಿರುವ ಕೈಗವಸು ಯಾವ ಬೆರಳನ್ನೂ ಕಾಯುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಕೈಗವಸು ಕಳಚುವ ಆ ಕ್ಷಣವನ್ನು ಹುಡುಕಿ, ಅದಕ್ಕೆ ಕಾರಣ ತಿಳಿದು, ಆ ಕಾರಣವನ್ನೇ ತೆಗೆದುಹಾಕುವುದರ ಬಗ್ಗೆ ಇವೆ.

ಕೈಗೆ ಪೆಟ್ಟಾದ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಮಾತನಾಡಿಸಿ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕೈಗವಸು ಹಾಕಿಕೊಂಡಿದ್ದ ಹೊತ್ತಿನಲ್ಲಿ ಪೆಟ್ಟಾಗುವ ಅಪಾಯ ಸುಮಾರು 60% ಕಡಿಮೆ ಇತ್ತು ಎಂದು ಅದು ಕಂಡುಕೊಂಡಿತು. ಅಪಾಯ ಹೆಚ್ಚಿಸಿದ ಕಾರಣಗಳನ್ನೂ ಹೇಳಿತು: ಸರಿಯಾಗಿ ನಡೆಯದ ಉಪಕರಣ, ಎಂದಿನದಲ್ಲದ ಕೆಲಸ, ಅವಸರ. ಈ ಮೂರನ್ನು ನೆನಪಿಟ್ಟುಕೊಳ್ಳಿ. ಎಲ್ಲಿ, ಯಾವಾಗ ನೋಡಲು ಹೋಗಬೇಕು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಹಂತ 1: ಒಂದು ಕೆಲಸ ಆರಿಸಿಕೊಳ್ಳಿ

ಒಂದು ಕೈಗವಸನ್ನು ಎಲ್ಲ ಕೆಲಸಕ್ಕೂ ಹೊಂದಿಸಲು ಹೊರಡಬೇಡಿ. ತಗಡಿನ ಹಾಳೆ ಎತ್ತಿಡುವವರ ಕೈಗೆ ಬೇಕಾದದ್ದು ಬೇರೆ, ಎಣ್ಣೆ ಮೆತ್ತಿದ ಬೋಲ್ಟು ಬಿಗಿಯುವವರ ಕೈಗೆ ಬೇಕಾದದ್ದು ಬೇರೆ. ‘ಕಾರ್ಖಾನೆ ಕೆಲಸಗಾರರು’ ಅನ್ನುವುದು ತೀರಾ ದೊಡ್ಡ ಗುಂಪು. ‘ತಗಡು ಕತ್ತರಿಸುವ ಯಂತ್ರದಿಂದ ತುಂಡುಗಳನ್ನು ತೆಗೆದು ಜೋಡಿಸುವವರು’ ಅಂದರೆ ಸಂಶೋಧನೆ ಶುರು ಮಾಡಬಹುದು.

ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಕೈ ಏನು ಮಾಡುತ್ತದೆ? ಕೈಗೆ ಏನಾಗಬಹುದು? ಈಗ ಯಾವ ಕೈಗವಸು ಕೊಡುತ್ತಿದ್ದಾರೆ? ಸದ್ಯಕ್ಕೆ ಇಷ್ಟು ಸಾಕು.

ಇಲ್ಲೇ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಆ ಕೆಲಸಕ್ಕೆ ಕೈಗವಸು ಹಾಕಲೇಬಾರದು ಅಂತ ಇರಬಹುದು. ಲೇತ್, ಕಂಬದ ಡ್ರಿಲ್ಲಿಂಗ್ ಯಂತ್ರ ಮುಂತಾದ ತಿರುಗುವ ಭಾಗಗಳು ತೆರೆದಿರುವ ಕಡೆ ಕೈಗವಸಿನ ಬಟ್ಟೆ ಸಿಕ್ಕಿಕೊಂಡರೆ ಅದು ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬರಿಗೈಗೆ ಗೀರು ಬೀಳುವ ಕಡೆ ಕೈಗವಸಿನ ಕೈ ಬೆರಳನ್ನೇ ಕಳೆದುಕೊಳ್ಳಬಹುದು. ಅಂಥ ಜಾಗಕ್ಕೆ ಬೇಕಾದದ್ದು ಯಂತ್ರಕ್ಕೊಂದು ಮರೆ, ತುಂಡು ತೆಗೆಯಲು ಕೊಕ್ಕೆ, ಇಕ್ಕಳ. ಅಪಾಯವನ್ನು ಮೂಲದಲ್ಲೇ ತೆಗೆಯಲು ದಾರಿ ಇದ್ದರೆ ಆ ದಾರಿಯೇ ಮೊದಲು. ಸಂಶೋಧನೆಯ ಕೊನೆಗೆ ‘ಇಲ್ಲಿ ಕೈಗವಸು ಬೇಡ, ಮರೆ ಹಾಕಿ’ ಎಂದು ಹೇಳಬೇಕಾಗಿ ಬಂದರೆ ಹೇಳಲು ಹಿಂಜರಿಯಬೇಡಿ.

ಹಂತ 2: ಅಂಕಿಗಳನ್ನು ಓದಲು ಕಲಿಯಿರಿ, ಅವು ಹೇಳದ್ದನ್ನೂ ಗುರುತಿಸಿ

ಬಹಳಷ್ಟು ಕೈಗವಸುಗಳ ಹಿಂಬದಿಯಲ್ಲಿ ಒಂದು ಸುತ್ತಿಗೆಯ ಚಿತ್ರ, ಅದರ ಕೆಳಗೆ ಕೆಲವು ಅಂಕಿ–ಅಕ್ಷರ ಇರುತ್ತವೆ. ಅದು ಯುರೋಪಿನ ಇಎನ್ 388 ಮಾನದಂಡದ ಗುರುತು. ‘4, ಎಕ್ಸ್, 4, 2, ಸಿ’ ಎಂದು ಬರೆದಿದೆ ಅಂದುಕೊಳ್ಳಿ. ಮೊದಲ 4 ಎಂದರೆ ಉಜ್ಜಾಟ ತಾಳುವ ಶಕ್ತಿ. ಮರಳು ಕಾಗದದ ಮೇಲೆ 8000 ಸುತ್ತು ಉಜ್ಜಿದರೂ ತೂತು ಬೀಳದಿದ್ದರೆ ಆ 4 ಸಿಗುತ್ತದೆ. ಎರಡನೆಯದು ಸುತ್ತುವ ದುಂಡು ಅಲಗಿನ ಪರೀಕ್ಷೆ. ಮೂರನೆಯದು ಹರಿಯುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. ಕೊನೆಯ ಅಕ್ಷರ ನೇರ ಅಲಗಿನ ಪರೀಕ್ಷೆಯದ್ದು, ಬಟ್ಟೆ ಕತ್ತರಿಸಲು ಅಲಗಿನ ಮೇಲೆ ಎಷ್ಟು ಬಲ ಹಾಕಬೇಕಾಯಿತು ಎಂಬ ಲೆಕ್ಕ: ಎ ಎಂದರೆ 2 ನ್ಯೂಟನ್, ಸಿ ಎಂದರೆ 10, ಎಫ್ ಎಂದರೆ 30 ನ್ಯೂಟನ್. ‘ಎಕ್ಸ್’ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಥವಾ ಅದು ಆ ಕೈಗವಸಿಗೆ ಹೊಂದುವುದಿಲ್ಲ ಎಂದರ್ಥ. ಗಾಜಿನ ಎಳೆ, ಉಕ್ಕಿನ ಎಳೆ ಸೇರಿಸಿದ ಕೈಗವಸಿನ ಮೇಲೆ ದುಂಡು ಅಲಗು ಮೊಂಡಾಗಿ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೇ 2016ರ ಆವೃತ್ತಿಯಲ್ಲಿ ನೇರ ಅಲಗಿನ ಪರೀಕ್ಷೆ ಸೇರಿಸಿದರು.

ಈ ಅಂಕಿಗಳು ಬಹಳ ಮುಖ್ಯ. ಆದರೆ ಅವು ಹೊಸ ಕೈಗವಸಿನ ಅಂಗೈ ಭಾಗದ ಬಟ್ಟೆಯ ಬಗ್ಗೆ ಹೇಳುತ್ತವೆ. ಮೂರು ವಾರ ಎಣ್ಣೆ ಕುಡಿದ ಕೈಗವಸಿನ ಬಗ್ಗೆ, ಹೆಬ್ಬೆರಳು–ತೋರುಬೆರಳಿನ ನಡುವಿನ ಜಾಗದ ಬಗ್ಗೆ, ಒಳಗೆ ಬೆವರಿ ನೆನೆದ ಕೈಯ ಬಗ್ಗೆ ಅವು ಏನೂ ಹೇಳುವುದಿಲ್ಲ.

ಬೆರಳಾಡಿಸುವ ಸಲೀಸಿಗೂ ಒಂದು ಪರೀಕ್ಷೆ ಇದೆ, ಐಎಸ್ಒ 21420 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ. ಮೇಜಿನ ಮೇಲಿನ ಲೋಹದ ಕಡ್ಡಿಯನ್ನು ಕೈಗವಸು ಹಾಕಿಕೊಂಡು 30 ಸೆಕೆಂಡಿನಲ್ಲಿ ಮೂರು ಸಲ ಎತ್ತಬೇಕು. 11 ಮಿಲಿಮೀಟರ್ ದಪ್ಪದ್ದನ್ನು ಎತ್ತಿದರೆ ಮಟ್ಟ 1, 5 ಮಿಲಿಮೀಟರಿನದ್ದನ್ನು ಎತ್ತಿದರೆ ಅತಿ ಮೇಲಿನ ಮಟ್ಟ 5. ಈಗ ನಿಮ್ಮ ಕೆಲಸಗಾರರು ದಿನವಿಡೀ ಹಿಡಿಯುವ ವಾಷರ್ ಎಷ್ಟು ದಪ್ಪ ಇದೆ ನೋಡಿ. ಒಂದು ಮಿಲಿಮೀಟರ್ ಇರಬಹುದು. ಅಂದರೆ ಅತ್ಯುತ್ತಮ ಅಂಕ ಪಡೆದ ಕೈಗವಸೂ ಆ ವಾಷರ್ ಮುಂದೆ ಸೋಲಬಹುದು ಅಲ್ವಾ? ನಿಮ್ಮ ಸಂಶೋಧನೆ ಶುರುವಾಗಬೇಕಾದದ್ದು ಈ ಅಂತರದಲ್ಲಿ.

ಹಂತ 3: ಯಾರನ್ನು ನೋಡಬೇಕು?

ಫೋರ್‌ಮನ್ ಆರಿಸಿ ಕಳುಹಿಸಿದ ‘ಒಳ್ಳೆಯ ಕೆಲಸಗಾರ’ರ ಜೊತೆ ಮಾತ್ರ ಮಾತನಾಡಿದರೆ ಒಳ್ಳೆಯ ಉತ್ತರಗಳು ಮಾತ್ರ ಸಿಗುತ್ತವೆ. ಪಟ್ಟಿಯನ್ನು ನೀವೇ ಮಾಡಿ. ಅದರಲ್ಲಿ ಎಡಗೈಯವರು ಇರಲಿ. ತುಂಬ ಚಿಕ್ಕ ಕೈ, ತುಂಬ ದೊಡ್ಡ ಕೈ ಇರುವವರು ಇರಲಿ. ಹೆಂಗಸರು ಇರಲಿ. ಹಿಂದೆ ಬೆರಳಿಗೆ ಪೆಟ್ಟಾದವರು, ಕೆಲಸಕ್ಕೆ ಸೇರಿ ತಿಂಗಳೂ ಆಗದವರು, ರಾತ್ರಿ ಶಿಫ್ಟಿನವರು ಇರಲಿ. ಗ್ಲೌಸ್ ಹಾಕುವುದೇ ಇಲ್ಲ ಎಂದು ಹೆಸರು ಪಡೆದವರು ಖಂಡಿತ ಇರಲಿ. ನನ್ನ ಮಟ್ಟಿಗೆ ಅವರೇ ಅತಿ ಒಳ್ಳೆಯ ಗುರುಗಳು. ಉಳಿದವರು ಸಹಿಸಿಕೊಂಡಿದ್ದನ್ನು ಅವರು ಸಹಿಸಿಕೊಂಡಿಲ್ಲ, ಅಷ್ಟೇ.

ರಿಪೇರಿಯವರನ್ನು, ಶುಚಿ ಮಾಡುವವರನ್ನು ಮರೆಯಬೇಡಿ. ಯಂತ್ರ ಕೆಟ್ಟಾಗ, ಎಂದಿನದಲ್ಲದ ಕೆಲಸ ಬಂದಾಗ, ಬೇಗ ಮುಗಿಸಿ ಎಂದಾಗ ಕೈ ಹಾಕುವವರು ಅವರೇ. ಸ್ಟೋರಿನಲ್ಲಿ ಗ್ಲೌಸ್ ಹಂಚುವವರನ್ನೂ ಮಾತನಾಡಿಸಿ. ಯಾವ ಅಳತೆ ಮೊದಲು ಖಾಲಿಯಾಗುತ್ತದೆ, ಯಾವುದು ಕಪಾಟಿನಲ್ಲೇ ಕೂತಿರುತ್ತದೆ ಎನ್ನುವುದು ಅವರಿಗೆ ಬಾಯಿಪಾಠ.

ಎಷ್ಟು ಜನ ಬೇಕು? ‘ಐದು ಜನ ಸಾಕು’ ಎಂಬ ಮಾತನ್ನು ನೀವು ಕೇಳಿರಬಹುದು. ಅದು 1993ರಲ್ಲಿ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ ಕಂಪ್ಯೂಟರ್ ತೆರೆಗಳ ತೊಂದರೆ ಹುಡುಕುವುದಕ್ಕೆ ಕೊಟ್ಟ ಲೆಕ್ಕದಿಂದ ಬಂದದ್ದು. ಕೈಗಳಿಗೆ ಅದನ್ನು ಹಾಗೇ ತಂದು ಅಂಟಿಸಬೇಡಿ. ಕೈಯ ಅಳತೆಯೇ ಒಬ್ಬೊಬ್ಬರಿಗೆ ಒಂದೊಂದು ತರ. ಒಂದೊಂದು ಬಗೆಯ ಕೆಲಸಕ್ಕೆ ಎಂಟರಿಂದ ಹತ್ತು ಜನರನ್ನು ಹತ್ತಿರದಿಂದ ನೋಡಿ. ಕೊನೆಯ ಇಬ್ಬರಿಂದಲೂ ಹೊಸ ವಿಷಯ ಬರುತ್ತಿದ್ದರೆ ಇನ್ನೂ ಮುಂದುವರಿಸಿ. ಕೈ ಅಳತೆ ತೆಗೆಯಲು ಮಾತ್ರ ಇದಕ್ಕಿಂತ ತುಂಬ ಜಾಸ್ತಿ ಜನ ಬೇಕು.

ಹಂತ 4: ಮೊದಲು ನಂಬಿಕೆ

ಈ ಹಂತವನ್ನು ಎಷ್ಟೋ ಜನ ಒಂದು ಸಹಿಯಲ್ಲಿ ಮುಗಿಸಿಬಿಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಯೋಚಿಸಿ ನೋಡಿ. ಗ್ಲೌಸ್ ಕಡ್ಡಾಯ ಇರುವ ಕಡೆ ಗ್ಲೌಸ್ ತೆಗೆಯುವುದು ತಪ್ಪು. ಆ ತಪ್ಪು ನಡೆಯುವುದನ್ನು ನೋಡಲೆಂದೇ ನೀವು ನೋಟ್‌ಬುಕ್ ಹಿಡಿದು ನಿಂತಿದ್ದೀರಿ. ನಿಮ್ಮ ಪುಸ್ತಕ ನಾಳೆ ಮೇಲಿನವರ ಕೈಗೆ ಹೋದರೆ ಆ ಕೆಲಸಗಾರನಿಗೆ ಬೈಗುಳ, ಸಂಬಳ ಕಡಿತ, ಕೆಲಸ ಹೋಗುವ ಭಯ. ಹಾಗಿದ್ದಾಗ ಯಾರು ತಾನೇ ನಿಜವಾಗಿ ಕೆಲಸ ಮಾಡುವ ರೀತಿ ತೋರಿಸುತ್ತಾರೆ? ನೀವು ಬಂದ ದಿನ ಎಲ್ಲರೂ ಬೆರಳ ತುದಿಯವರೆಗೆ ಗ್ಲೌಸ್ ಹಾಕಿಕೊಂಡು ನಿಧಾನವಾಗಿ ಕೆಲಸ ಮಾಡುತ್ತಾರೆ. ನೀವು ಹೋದ ಮೇಲೆ ತೆಗೆದಿಡುತ್ತಾರೆ.

ಹಾಗಾಗಿ ಕಾಲಿಡುವ ಮುಂಚೆಯೇ ಆಡಳಿತದವರ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ನಾವು ನೋಡಿದ್ದರ ಆಧಾರದ ಮೇಲೆ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. ಹೆಸರುಗಳನ್ನು ನಾವು ಕೊಡುವುದಿಲ್ಲ. ಫೋಟೊದಲ್ಲಿ ಕೈ ಮಾತ್ರ ಇರುತ್ತದೆ, ಮುಖ ಇರುವುದಿಲ್ಲ. ಈ ಮಾತುಗಳನ್ನು ಕೆಲಸಗಾರರ ಮುಂದೆ ಅವರದೇ ಮಾತಿನಲ್ಲಿ ಓದಿ ಹೇಳಿ. ಬೇಡ ಎನ್ನುವವರನ್ನು ಬಿಟ್ಟುಬಿಡಿ, ಯಾಕೆ ಎಂದು ಕೇಳಲೂ ಬೇಡಿ.

ಒಂದು ಗಡಿ ಇದೆ. ಕಣ್ಣೆದುರಿಗೆ ಕೈಗೆ ಅಪಾಯವಾಗುವುದು ಕಂಡರೆ ತಕ್ಷಣ ತಡೆಯಬೇಕು. ಸಂಶೋಧನೆ ಹಾಳಾದರೂ ಪರವಾಗಿಲ್ಲ. ಇದನ್ನೂ ಮೊದಲೇ ಅವರಿಗೆ ಹೇಳಿಡಿ.

ಮೊದಲ ದಿನ ಏನೂ ಬರೆದುಕೊಳ್ಳಬೇಡಿ. ಸುಮ್ನೆ ಇರಿ, ನೋಡಿ, ನಿಮ್ಮ ಇರುವಿಕೆ ಅವರಿಗೆ ಅಭ್ಯಾಸವಾಗಲಿ.

ಹಂತ 5: ಕಳಚಿದ್ದನ್ನು ದಾಖಲಿಸಿ

ಎರಡನೇ ದಿನದಿಂದ ಒಂದೇ ವಿಷಯ ಬರೆಯಿರಿ: ಕೈಗವಸು ಕೈಯಿಂದ ಹೊರಬಂದ ಪ್ರತಿ ಸಲ. ಒಂದೊಂದಕ್ಕೂ ಒಂದು ಸಾಲು. ಹೊತ್ತು ಎಷ್ಟು, ಆಗ ಮಾಡುತ್ತಿದ್ದ ಕೆಲಸ ಏನು, ಯಾವ ಕೈ, ಪೂರ್ತಿ ತೆಗೆದರೋ ಅರ್ಧ ಜಾರಿಸಿದರೋ, ಹೇಗೆ ತೆಗೆದರು, ಎಲ್ಲಿಟ್ಟರು, ಎಷ್ಟು ಹೊತ್ತಿಗೆ ಮತ್ತೆ ಹಾಕಿದರು. ಅದರ ಪಕ್ಕ ‘ನನ್ನ ಊಹೆ’ ಎಂದು ಬೇರೆಯೇ ಕಾಲಂ ಇಡಿ. ಕಂಡದ್ದು, ಊಹಿಸಿದ್ದು ಎರಡೂ ಬೆರೆತರೆ ಆಮೇಲೆ ಬಿಡಿಸಲು ಆಗುವುದಿಲ್ಲ.

ಹೀಗೊಂದು ಸಾಲು ಇರಬಹುದು: ‘10:40. ಪ್ಯಾನಲ್ಲಿನ ಒಳಗೆ ನಟ್ಟು ಕೂರಿಸುವುದು. ಬಲಗೈ ಮಾತ್ರ. ಹಲ್ಲಿನಿಂದ ಕಚ್ಚಿ ಎಳೆದರು. ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಮುಂದಿನ ನಾಲ್ಕು ಪ್ಯಾನಲ್ ಬರಿಗೈಯಲ್ಲೇ. 10:58ಕ್ಕೆ ಹಾಕಿದರು.’ ಈ ಒಂದು ಸಾಲಿನಲ್ಲಿ ಎಷ್ಟು ಸಂಗತಿಗಳಿವೆ ನೋಡಿ. ಹಲ್ಲಿನಿಂದ ಎಳೆದರು ಎಂದರೆ ಎಡಗೈ ಬಿಡುವಾಗಿರಲಿಲ್ಲ, ಜೊತೆಗೆ ಕೈಗವಸಿನ ಕೊಳೆ ಬಾಯಿಗೂ ಹೋಯಿತು. ನಟ್ಟಿನ ಕೆಲಸ ಒಂದು ನಿಮಿಷದ್ದು, ಬರಿಗೈ ಇದ್ದದ್ದು 18 ನಿಮಿಷ. ತೆಗೆಯಲು ಕಾರಣ ಬೆರಳಿನ ಸ್ಪರ್ಶ. ಹಾಕದೇ ಇದ್ದದ್ದಕ್ಕೆ ಕಾರಣ ಬೇರೆ ಇರಬಹುದು: ಬೆವರಿದ ಕೈ ಒಳಗೆ ಜಾರುವುದಿಲ್ಲ, ಒಳಪದರ ಬೆರಳಿನ ಜೊತೆ ಹೊರಗೆ ಬಂದುಬಿಡುತ್ತದೆ. ಇವು ಎರಡು ಬೇರೆ ತೊಂದರೆಗಳು, ಎರಡಕ್ಕೂ ಬೇರೆ ಬೇರೆ ಮದ್ದು ಬೇಕು. ‘ಗ್ಲೌಸ್ ಇಷ್ಟವಿಲ್ಲ’ ಎಂದು ಬರೆದುಕೊಂಡಿದ್ದರೆ ಎರಡೂ ಕಾಣುತ್ತಿರಲಿಲ್ಲ.

ಕಳಚಿದ್ದರ ಜೊತೆಗೆ ಅವರೇ ಮಾಡಿಕೊಂಡ ಬದಲಾವಣೆಗಳನ್ನೂ ಹುಡುಕಿ. ತೋರುಬೆರಳಿನ ತುದಿ ಕತ್ತರಿಸಿರುತ್ತಾರೆ. ಮಣಿಕಟ್ಟಿಗೆ ಟೇಪು ಸುತ್ತಿರುತ್ತಾರೆ. ಒಂದರ ಮೇಲೊಂದು ಎರಡು ಗ್ಲೌಸ್ ಹಾಕಿರುತ್ತಾರೆ. ಒಳಹೊರಗು ತಿರುಗಿಸಿ ಹಾಕಿರುತ್ತಾರೆ. ಸವೆದ ಬಲಗೈ ಗ್ಲೌಸ್ ಎಸೆದು ಎಡಗೈಯದ್ದನ್ನೇ ತಿರುಗಿಸಿ ಬಲಗೈಗೆ ಹಾಕಿಕೊಂಡಿರುತ್ತಾರೆ. ಸುರಕ್ಷತೆಯ ಅಧಿಕಾರಿಗೆ ಇವೆಲ್ಲ ನಿಯಮ ಮೀರಿದ್ದು. ನಿಮಗೆ ಇವು ಆಗಲೇ ತಯಾರಾದ ಮಾದರಿಗಳು. ತುದಿ ಕತ್ತರಿಸಿದ ಕೈಗವಸು ‘ನನಗೆ ಇಷ್ಟೇ ಬೆರಳು ಬರಿದಾಗಿ ಬೇಕು, ಉಳಿದದ್ದು ಮುಚ್ಚಿರಲಿ’ ಎಂದು ಹೇಳುತ್ತಿದೆ. ಯಾವ ಬೆರಳು, ಎಷ್ಟು ಉದ್ದ ಎಂದು ಸ್ಕೇಲ್ ಇಟ್ಟು ಅಳೆದುಕೊಳ್ಳಿ.

ಶಿಫ್ಟಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಬೆಳಗಿನ ಮೊದಲ ಗಂಟೆಯಲ್ಲಿ ಕೈ ಒಣಗಿರುತ್ತದೆ, ಯಂತ್ರ ಸರಿಯಾಗಿರುತ್ತದೆ. ಶಿಫ್ಟ್ ಮುಗಿಯುವ ಮುಂಚಿನ ಅವಸರ, ಯಂತ್ರ ನಿಂತುಹೋದ ಹೊತ್ತು, ಬೇರೆ ಮಾಲಿಗೆ ಬದಲಾಯಿಸುವ ಹೊತ್ತು ನಿಮ್ಮ ಕಣ್ಣಿಗೆ ಬೀಳಲೇಬೇಕು.

ಹಂತ 6: ಸವೆದ ಗ್ಲೌಸ್ ಸಂಗ್ರಹಿಸಿ

ಇದು ನನಗೆ ಅತಿ ಪ್ರಿಯವಾದ ಹಂತ. ಖರ್ಚು ಏನೂ ಇಲ್ಲ, ಸಿಗುವುದು ಬಹಳ.

ಒಂದು ಡಬ್ಬಿ ಇಡಿ. ಎಸೆಯುವ ಗ್ಲೌಸ್ ಎಲ್ಲ ಅದಕ್ಕೆ ಬೀಳಲಿ. ಪ್ರತಿ ಜೋಡಿಗೂ ಒಂದು ಚೀಟಿ ಕಟ್ಟಿ: ಯಾವ ಕೆಲಸ, ಎಷ್ಟು ದಿನ ಬಳಸಿದ್ದು, ಯಾಕೆ ಎಸೆದದ್ದು. ಹೆಸರು ಬೇಡ. ರಾಸಾಯನಿಕ ಮೆತ್ತಿದ್ದನ್ನು ಮುಟ್ಟುವಾಗ ನೀವೂ ಗ್ಲೌಸ್ ಹಾಕಿಕೊಳ್ಳಿ.

ಸುಮಾರು 30 ಜೋಡಿ ಆದ ಮೇಲೆ ದೊಡ್ಡ ಮೇಜಿನ ಮೇಲೆ ಹರಡಿ. ಪಾರದರ್ಶಕ ಹಾಳೆಯ ಮೇಲೆ ಕೈಯ ಆಕಾರ ಬರೆದು ಒಂದೊಂದು ಗ್ಲೌಸಿನ ತೂತು, ಸವೆತ, ಬಿರುಕು, ಬಿಚ್ಚಿದ ಹೊಲಿಗೆಗಳನ್ನು ಗುರುತು ಮಾಡಿ. ಎಲ್ಲ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಕಪ್ಪಾಗಿ ಕಾಣುವ ಜಾಗವೇ ಕೆಲಸದ ನಕ್ಷೆ. ಕಟ್ಟು, ಹಿಡಿಕೆ, ಅಂಚುಗಳನ್ನು ಹಿಡಿಯುವ ಕೆಲಸಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವೆ ಮೊದಲು ಹೋಗುತ್ತದೆ. ಅಲ್ಲಿ ಲೇಪನ ಮಡಚಿ ಮಡಚಿ ಬಿರುಕು ಬಿಡುತ್ತದೆ. ಮಾರುಕಟ್ಟೆಯ ಎಷ್ಟೋ ಗ್ಲೌಸುಗಳಲ್ಲಿ ಆ ಕವೆಗೆ ಮಾತ್ರ ಹೆಚ್ಚುವರಿ ತುಂಡು ಹಾಕಿರುವುದು ಇದಕ್ಕೇ. ಚಿಕ್ಕ ತಿರುಪುಗಳ ಕೆಲಸದಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳು ಸವೆಯುತ್ತವೆ, ಅಂಗೈ ಹೊಸದಾಗಿಯೇ ಇರುತ್ತದೆ. ಹಾಗಿದ್ದರೆ ಅಂಗೈಗೆ ದಪ್ಪ ಲೇಪನ ಯಾಕೆ?

ಬಲ–ಎಡ ಎಣಿಸಿ. ಒಂದೇ ಕೈ ಬೇಗ ಸವೆಯುತ್ತಿದ್ದರೆ ಬಿಡಿಯಾಗಿ ಕೊಡುವುದು ಒಂದು ದಾರಿ. ಎರಡೂ ಕೈಗೆ ಆಗುವ ವಿನ್ಯಾಸ ಇನ್ನೊಂದು. ಆದರೆ ಅಂಥದ್ದು ಹೆಬ್ಬೆರಳಿನ ಬುಡದಲ್ಲಿ ಸರಿಯಾಗಿ ಕೂರುವುದು ಕಷ್ಟ, ಅದನ್ನು ಹಾಕಿಸಿ ನೋಡಲೇಬೇಕು.

ಕೊನೆಗೆ ಗ್ಲೌಸನ್ನು ಒಳಹೊರಗು ಮಾಡಿ. ಬೆವರಿನ ಉಪ್ಪು ಎಲ್ಲಿ ಗಟ್ಟಿಯಾಗಿದೆ, ಯಾವ ಹೊಲಿಗೆ ಉಗುರಿನ ಬದಿಗೆ ಉಜ್ಜುತ್ತಿದೆ ಎಂದು ನೋಡಿ. ತೂತಿಲ್ಲದೇ ಎಸೆದ ಜೋಡಿಗಳನ್ನು ಬೇರೆ ರಾಶಿ ಹಾಕಿ. ಆ ರಾಶಿ ದೊಡ್ಡದಾಗಿದ್ದರೆ ಗಟ್ಟಿ ಬಟ್ಟೆ ತಂದು ಏನೂ ಪ್ರಯೋಜನವಿಲ್ಲ. ವಾಸನೆ, ಬಿರುಸು, ಜಾರಿಕೆಯಿಂದ ಅವನ್ನು ಎಸೆದಿದ್ದಾರೆ.

ಹಂತ 7: ಮಾತನಾಡಿಸಿ, ಕೊನೆಯ ಸಲದ ಬಗ್ಗೆ

‘ಈ ಗ್ಲೌಸ್ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಹೊಸದು ಕೊಟ್ಟರೆ ಹಾಕ್ತೀರಾ?’ ಎಂದರೆ ‘ಹಾಕ್ತೀವಿ’ ಎನ್ನುತ್ತಾರೆ. ಎರಡೂ ಉತ್ತರಗಳಿಂದ ಏನೂ ಮಾಡಲಾಗದು.

ನಡೆದದ್ದನ್ನು ಕೇಳಿ. ‘ಕೊನೆಯ ಸಲ ಕೈಗೆ ಏನಾದರೂ ತಗುಲಿದ್ದು ಯಾವಾಗ? ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ? ಗ್ಲೌಸ್ ಎಲ್ಲಿತ್ತು?’ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನದ ತಿರುಳು ಇದೇ. ಅಭಿಪ್ರಾಯ ಬಿಟ್ಟು ಒಂದು ನಿರ್ದಿಷ್ಟ ಘಟನೆ ಹಿಡಿದು, ಅದರ ಹಿಂದು–ಮುಂದು ಕೇಳುವುದು. ಪೆಟ್ಟಾದದ್ದನ್ನು ಮಾತ್ರವಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಕೇಳಿ. ಅವು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಮಾತುಕತೆ ಕಚೇರಿಯಲ್ಲಿ ಬೇಡ, ಕೆಲಸದ ಜಾಗದ ಹತ್ತಿರ ಇರಲಿ. ಅವರ ಗ್ಲೌಸ್ ಅವರ ಕೈಯಲ್ಲೇ ಇರಲಿ. ಬಾಯಿ ‘ಪರವಾಗಿಲ್ಲ’ ಎನ್ನುವಾಗ ಕೈ ಕಿರುಬೆರಳಿನ ಬುಡವನ್ನು ಉಜ್ಜಿಕೊಳ್ಳುತ್ತಿರುತ್ತದೆ. ‘ಅಲ್ಲೇನಾಗಿದೆ?’ ಎಂದು ಕೇಳಿ ಸುಮ್ಮನಾಗಿ. ಐದಾರು ಸೆಕೆಂಡಿನ ಮೌನಕ್ಕೆ ಹೆದರಬೇಡಿ.

ಇನ್ನೊಂದು ಪ್ರಶ್ನೆ ನನಗೆ ತುಂಬ ಉಪಯೋಗಕ್ಕೆ ಬರುತ್ತದೆ: ‘ಹೊಸಬರಿಗೆ ಈ ಕೆಲಸ ಕಲಿಸುವಾಗ ಗ್ಲೌಸ್ ಬಗ್ಗೆ ಏನು ಹೇಳ್ತೀರಿ?’ ತಮ್ಮ ಬಗ್ಗೆ ಹೇಳಲು ಸಂಕೋಚಪಡುವವರೂ ಇದಕ್ಕೆ ಬಿಚ್ಚಿ ಮಾತನಾಡುತ್ತಾರೆ.

ಹಂತ 8: ಕೈ ಅಳೆಯಿರಿ

ಯುರೋಪಿನ ಅಳತೆ ಪಟ್ಟಿಯಲ್ಲಿ ಸೈಜ್ 8 ಎಂದರೆ ಅಂಗೈ ಸುತ್ತಳತೆ 203 ಮಿಲಿಮೀಟರ್, ಕೈಯ ಉದ್ದ 182. ಸೈಜ್ 7ಕ್ಕೆ 178 ಮತ್ತು 171. ಸೈಜ್ 9ಕ್ಕೆ 229 ಮತ್ತು 192. ಸೈಜಿನ ಅಂಕಿ ಅಂದರೆ ಸುತ್ತಳತೆಯ ಇಂಚು, ಅಷ್ಟೇ. ಸುತ್ತಳತೆಯನ್ನು ಹೆಬ್ಬೆರಳು ಬಿಟ್ಟು ಅಂಗೈಯ ಅಗಲವಾದ ಭಾಗದಲ್ಲಿ, ಉದ್ದವನ್ನು ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ ತೆಗೆಯಿರಿ.

ಈ ಎರಡು ಅಂಕಿ ಸಾಲದು. ಬೆರಳುಗಳ ಉದ್ದ, ಬೆರಳಿನ ದಪ್ಪ, ಹೆಬ್ಬೆರಳು ಶುರುವಾಗುವ ಜಾಗ ಇವನ್ನೂ ತೆಗೆಯಿರಿ. ಅಂಗೈ ಒಂದೇ ಅಗಲ ಇದ್ದರೂ ಬೆರಳು ಗಿಡ್ಡ ಇರಬಹುದು. ಆಗ ತುದಿಯಲ್ಲಿ ಅರ್ಧ ಇಂಚು ಖಾಲಿ ಬಟ್ಟೆ ಉಳಿಯುತ್ತದೆ. ಆ ಖಾಲಿ ತುದಿಯೇ ತಿರುಪಿಗೆ ಸಿಕ್ಕಿಕೊಳ್ಳುವುದು, ಅದನ್ನೇ ಜನ ಕತ್ತರಿಸಿ ಹಾಕುವುದು. ಹೆಣ್ಣಿನ ಕೈ ಎಂದರೆ ಗಂಡಿನ ಕೈಯನ್ನು ಕುಗ್ಗಿಸಿದ್ದಲ್ಲ, ಅದರ ಪ್ರಮಾಣವೇ ಬೇರೆ. ಗಂಡಸರ ಅಚ್ಚನ್ನು ಚಿಕ್ಕದು ಮಾಡಿ ‘ಮಹಿಳೆಯರ ಗ್ಲೌಸ್’ ಎಂದು ಕೊಡುವುದನ್ನು ನಿಲ್ಲಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಹಂತ 9: ಕಾರಣಗಳನ್ನು ಗುಂಪು ಮಾಡಿ, ವಸ್ತುವಿಗೆ ಇಳಿಸಿ

ಕಳಚಿದ ಪ್ರತಿ ಸಾಲನ್ನೂ ಒಂದು ಚೀಟಿಗೆ ಬರೆದು ಗೋಡೆಗೆ ಅಂಟಿಸಿ. ಕಾರಣದ ಪ್ರಕಾರ ಹತ್ತಿರ ಸರಿಸುತ್ತಾ ಹೋಗಿ. ಸಾಮಾನ್ಯವಾಗಿ ಸ್ಪರ್ಶ ಸಿಗದ್ದು, ಬೆವರು, ಅಳತೆ, ಜಾರಿಕೆ, ಮೊಬೈಲ್–ಪೆನ್ನು ಹಿಡಿಯುವುದು ಮುಂತಾದ ಗುಂಪುಗಳು ತಾವಾಗಿಯೇ ಆಗುತ್ತವೆ. ಎಣಿಕೆಗೆ ಮಾತ್ರ ತೂಕ ಕೊಡಬೇಡಿ. ದಿನಕ್ಕೆ 20 ಸಲ ಅಪಾಯವಿಲ್ಲದ ಜಾಗದಲ್ಲಿ ತೆಗೆಯುವುದಕ್ಕಿಂತ, ಎರಡೇ ಸಲ ಹರಿತ ಅಂಚಿನ ಪಕ್ಕದಲ್ಲಿ ತೆಗೆಯುವುದು ದೊಡ್ಡ ವಿಷಯ.

ಈಗ ಒಂದೊಂದು ಗುಂಪಿಗೆ ಉತ್ತರ ಹುಡುಕಿ. ಸ್ಪರ್ಶ ಸಿಗದಿದ್ದರೆ ಹೆಣಿಗೆಯ ಗೇಜ್ ನೋಡಿ. ಗೇಜ್ ಎಂದರೆ ಹೆಣೆಯುವ ಯಂತ್ರದಲ್ಲಿ ಒಂದು ಇಂಚಿಗೆ ಎಷ್ಟು ಸೂಜಿ ಎಂಬ ಲೆಕ್ಕ. 7 ಅಥವಾ 10 ದಪ್ಪ, 13 ಮಧ್ಯಮ, 15 ಮತ್ತು 18 ತೆಳು. ಬೆವರಿನ ತೊಂದರೆಗೆ ಲೇಪನವನ್ನು ಪೂರ್ತಿ ಕೈಗೆ ಬದಲು ಅಂಗೈ–ಬೆರಳಿಗೆ ಮಾತ್ರ ಇಳಿಸಿದರೆ ಹಿಂಬದಿಯಿಂದ ಗಾಳಿಯಾಡುತ್ತದೆ. ಆದರೆ ಎಣ್ಣೆಯಲ್ಲಿ ಕೈ ಅದ್ದುವ ಕೆಲಸವಾದರೆ ಹಿಂಬದಿಯಿಂದ ಎಣ್ಣೆ ಒಳಗೆ ಬರುತ್ತದೆ. ಜಾರಿಕೆಗೆ ಮರಳಿನಂಥ ಮೇಲ್ಮೈಯ ನೈಟ್ರೈಲ್ (ಒಂದು ಕೃತಕ ರಬ್ಬರ್) ಲೇಪನ ಚೆನ್ನಾಗಿ ಹಿಡಿಯುತ್ತದೆ. ಒಣ, ನಾಜೂಕು ಕೆಲಸಕ್ಕೆ ತೆಳು ಪಾಲಿಯುರೆಥೇನ್ ಲೇಪನ ಸಾಕು. ಲೇಟೆಕ್ಸ್ ಹಿಡಿತ ಒಳ್ಳೆಯದು, ಆದರೆ ಕೆಲವರಿಗೆ ಅಲರ್ಜಿಯಾಗುತ್ತದೆ, ಎಣ್ಣೆಗೂ ಅದು ತಾಳುವುದಿಲ್ಲ.

ನೂಲಿನ ಆಯ್ಕೆಯಲ್ಲೂ ಕೊಟ್ಟು ತೆಗೆದುಕೊಳ್ಳುವುದಿದೆ. ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಮಾಡಿದ ಶೋಧದಿಂದ ಬಂದ ಕೆವ್ಲಾರ್ ಬಿಸಿಗೂ ಅಲಗಿಗೂ ತಾಳುತ್ತದೆ. ಬಿಸಿಲು ಮತ್ತು ಕ್ಲೋರಿನ್ ಬ್ಲೀಚ್ ಅದನ್ನು ಕುಂದಿಸುತ್ತವೆ. ಹಾಗಾಗಿ ಗ್ಲೌಸ್ ಹೇಗೆ ಒಗೆಯುತ್ತಾರೆ ಎಂದು ನೀವು ನೋಡಿರಲೇಬೇಕು. ಅತಿ ಗಟ್ಟಿ ಪಾಲಿಎಥಿಲೀನ್ ನೂಲು ಹಗುರ, ಮುಟ್ಟಿದರೆ ತಣ್ಣಗಿರುತ್ತದೆ, ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಬಿಸಿ ಲೋಹ ಮುಟ್ಟುವ ಕೈಗೆ ಅದು ಆಗದು.

ಹಂತ 10: ಮಾದರಿ ಮಾಡಿ, ಅಪಾಯವಿಲ್ಲದ ಕಡೆ ಪರೀಕ್ಷಿಸಿ

ಮೊದಲ ಮಾದರಿಗೆ ಕಾರ್ಖಾನೆ ಬೇಡ. ಇರುವ ಎರಡು ಗ್ಲೌಸ್ ಕತ್ತರಿಸಿ ಒಂದರ ಬೆರಳನ್ನು ಇನ್ನೊಂದಕ್ಕೆ ಹೊಲಿಯಿರಿ. ಕವೆಗೆ ಚರ್ಮದ ತುಂಡು ಹಾಕಿ. ಮಣಿಕಟ್ಟಿನಲ್ಲಿ ಎಳೆಯಲು ಒಂದು ಕಿವಿ ಇಟ್ಟು ನೋಡಿ. ಕೊಳಕಾಗಿ ಕಾಣಲಿ. ನಾಜೂಕಾದ ಮಾದರಿ ಕೊಟ್ಟರೆ ಜನ ಬೈಯಲು ಹಿಂದೆ ಸರಿಯುತ್ತಾರೆ.

ಮಾದರಿಯ ಗ್ಲೌಸ್ ಹಾಕಿಸಿ ಯಾರ ಕೈಯನ್ನೂ ನಿಜವಾದ ಅಲಗಿನ ಮುಂದೆ ಇಡಬೇಡಿ. ಅಂಚು ಉಜ್ಜಿ ಮೊಂಡು ಮಾಡಿದ ತಗಡು, ವಿದ್ಯುತ್ ಇಲ್ಲದ ಪ್ಯಾನಲ್, ನೀರು ತುಂಬಿದ ಡಬ್ಬಿ ಸಾಕು. ಅಲಗಿನ ಪರೀಕ್ಷೆ ಪ್ರಯೋಗಾಲಯದ ಯಂತ್ರಕ್ಕೆ ಬಿಡಿ.

ಬರಿಗೈ, ಹಳೆಯ ಗ್ಲೌಸ್, ಹೊಸ ಮಾದರಿ, ಮೂರರಲ್ಲೂ ಅದೇ ಕೆಲಸ ಮಾಡಿಸಿ. ಸರದಿಯನ್ನು ಒಬ್ಬೊಬ್ಬರಿಗೆ ಬದಲಾಯಿಸಿ. ಇಲ್ಲವಾದರೆ ಕೊನೆಗೆ ಬಂದದ್ದು ಅಭ್ಯಾಸದಿಂದ ಗೆಲ್ಲುತ್ತದೆ, ಅಥವಾ ದಣಿವಿನಿಂದ ಸೋಲುತ್ತದೆ. 1948ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಜೋಸೆಫ್ ಟಿಫಿನ್ ರೂಪಿಸಿದ ಪೆಗ್‌ಬೋರ್ಡ್ ಪರೀಕ್ಷೆ (ತೂತುಗಳ ಹಲಗೆಗೆ ಚಿಕ್ಕ ಕಡ್ಡಿಗಳನ್ನು ಸಿಕ್ಕಿಸುವುದು) ಬೆರಳ ಚಳಕ ಅಳೆಯಲು ಇಂದಿಗೂ ಬಳಕೆಯಲ್ಲಿದೆ. ಅದು ಸಿಕ್ಕರೆ ಒಳ್ಳೆಯದು. ಅದಕ್ಕಿಂತ ಅವರದೇ ಕೆಲಸದ ಅತಿ ಚಿಕ್ಕ ಹತ್ತು ತಿರುಪುಗಳನ್ನು ಕೂರಿಸುವ ಹೊತ್ತು ಅಳೆಯುವುದು ನನಗೆ ಹೆಚ್ಚು ಮೆಚ್ಚುಗೆ. ಹಿಡಿತದ ಬಲಕ್ಕೆ ಡೈನಮೋಮೀಟರ್ ಬಳಸಿ. ದಪ್ಪ ಗ್ಲೌಸಿನಲ್ಲಿ ಅದೇ ಹಿಡಿತಕ್ಕೆ ಕೈ ಹೆಚ್ಚು ಶ್ರಮ ಪಡುತ್ತದೆ, ಅದು ಸಂಜೆಯ ಹೊತ್ತಿಗೆ ಮೊಣಕೈ ನೋವಾಗಿ ಕಾಣಬಹುದು. ದಣಿವನ್ನು ಬೋರ್ಗ್ ಮಾಪಕದಲ್ಲಿ, ಅಂದರೆ ಎಷ್ಟು ಶ್ರಮ ಅನ್ನಿಸಿತು ಎಂದು ಅವರೇ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪಟ್ಟಿಯಲ್ಲಿ ಕೇಳಿ.

ಅರ್ಧ ಗಂಟೆ ಕೆಲಸ ಮಾಡಿಸಿ ಕೈ ಬೆವರಿದ ಮೇಲೆ ಒಂದು ಕೊನೆಯ ಪರೀಕ್ಷೆ: ಗ್ಲೌಸ್ ತೆಗೆದು, ಮತ್ತೆ ಹಾಕಿಕೊಳ್ಳಲು ಹೇಳಿ. ಗಡಿಯಾರ ಹಿಡಿಯಿರಿ. ಒಣ ಕೈಗೆ ಮೂರು ಸೆಕೆಂಡಿನಲ್ಲಿ ಸರಿದ ಗ್ಲೌಸ್ ಒದ್ದೆ ಕೈಗೆ ಎಷ್ಟು ಹೊತ್ತು ಕಾಡುತ್ತದೆ ಎಂದು ಬರೆದುಕೊಳ್ಳಿ. ಹಂತ 5ರ ಆ 18 ನಿಮಿಷಕ್ಕೆ ಉತ್ತರ ಇಲ್ಲಿ ಸಿಗಬಹುದು.

ಹಂತ 11: ಕೆಲಸದ ಜಾಗದಲ್ಲಿ ನಾಲ್ಕು ವಾರ

ಪ್ರಯೋಗಾಲಯದಲ್ಲಿ ಪಾಸಾದ, ಬೇಕಾದ ಪ್ರಮಾಣಪತ್ರ ಪಡೆದ ಗ್ಲೌಸ್ ಮಾತ್ರ ನಿಜವಾದ ಕೆಲಸಕ್ಕೆ ಹೋಗಲಿ. ಮೊದಲ ವಾರ ಎಲ್ಲರೂ ಹಾಕುತ್ತಾರೆ. ಹೊಸತು, ಮೇಲಾಗಿ ನೀವು ನೋಡುತ್ತಿದ್ದೀರಿ. ಆ ವಾರದ ಲೆಕ್ಕವನ್ನು ನಂಬಬೇಡಿ. ನಾಲ್ಕನೇ ವಾರದಲ್ಲಿ, ಗ್ಲೌಸ್ ಕೊಳೆಯಾಗಿ, ಎರಡು ಸಲ ಒಗೆದ ಮೇಲೆ, ಹಂತ 5ರ ಅದೇ ಪಟ್ಟಿ ಹಿಡಿದು ಅದೇ ಹೊತ್ತಿನಲ್ಲಿ ಅದೇ ಜಾಗಗಳಲ್ಲಿ ನಿಲ್ಲಿ. ಕಳಚಿದ್ದು ಎಷ್ಟು ಸಲ, ಬರಿಗೈ ಇದ್ದದ್ದು ಎಷ್ಟು ನಿಮಿಷ ಎಂಬ ಎರಡು ಅಂಕಿಗಳನ್ನು ಹಳೆಯದರ ಪಕ್ಕ ಇಡಿ.

ಇನ್ನೊಂದು ಬದಲಾವಣೆಯ ಮೇಲೂ ಕಣ್ಣಿಡಿ. ಗಟ್ಟಿ ಗ್ಲೌಸ್ ಸಿಕ್ಕ ಮೇಲೆ ಕೆಲವರು ಮೊದಲು ಇಕ್ಕಳದಲ್ಲಿ ತೆಗೆಯುತ್ತಿದ್ದ ಚೂರನ್ನು ಕೈಯಲ್ಲೇ ತೆಗೆಯಲು ಶುರು ಮಾಡಬಹುದು. ‘ಕತ್ತರಿಸುವುದನ್ನು ತಡೆಯುತ್ತದೆ’ ಎಂದರೆ ‘ಕತ್ತರಿಸುವುದೇ ಇಲ್ಲ’ ಎಂದಲ್ಲ. ಇದು ಕಂಡರೆ ಗ್ಲೌಸ್ ಜೊತೆ ಕೊಡುವ ತರಬೇತಿಯನ್ನು ಬದಲಾಯಿಸಿ.

ಫಲಿತಾಂಶವನ್ನು ಮೊದಲು ಆ ಕೆಲಸಗಾರರಿಗೇ ತೋರಿಸಿ, ಆಮೇಲೆ ಆಡಳಿತಕ್ಕೆ. ‘ನೀವು ಹೇಳಿದ್ದರಿಂದ ಇದು ಬದಲಾಯಿತು, ಇದನ್ನು ಮಾಡಲು ಆಗಲಿಲ್ಲ, ಕಾರಣ ಇದು’ ಎಂದು ಬಿಡಿಸಿ ಹೇಳಿ. ತಪ್ಪು ಅರ್ಥ ಮಾಡಿಕೊಂಡಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ತಿದ್ದಿದ್ದನ್ನು ವರದಿಯಲ್ಲಿ ಸೇರಿಸಿ, ಗ್ಲೌಸಿನ ಫೋಟೊಗಳನ್ನೂ ಸವೆತದ ನಕ್ಷೆಯನ್ನೂ ಮೊದಲ ಪುಟದಲ್ಲೇ ಹಾಕಿ. ಹೊಸ ಗ್ಲೌಸ್ ಹಂಚುವ ದಿನ, ಹಳೆಯದನ್ನು ಹಾಕುತ್ತಿದ್ದ ಅದೇ ಡಬ್ಬಿಯನ್ನು ಖಾಲಿ ಮಾಡಿ, ಮೇಲೆ ಅಂದಿನ ತಾರೀಕು ಬರೆದು, ಮತ್ತೆ ಅದೇ ಜಾಗದಲ್ಲಿ ಇಡಿ.